ಮನೆಮಂದಿಯೆಲ್ಲ ಸೇರಿ ಗ್ರ್ಯಾಂಡ್ ಕ್ಯಾನ್ಯನ್ ಒಳಗಿಳಿದು ರಾತ್ರಿ ಉಳಿಯುವ ಯೋಚನೆ – ಹೋಗಿ ಬಂದವರು ದಯವಿಟ್ಟು ಹೇಳಿ

ನಾಪೋಕ್ಲು ತೋಟದಮನೆ:

ಎಲ್ಲರಿಗೂ ನಮಸ್ಕಾರ. ಮಗಳು, ಅಳಿಯ ಅರಿಝೋನಾದ ಫೀನಿಕ್ಸ್‌ನಲ್ಲಿದ್ದಾರೆ. ಈ ಸಲ ಕಾಫಿ ಕುಯ್ಲು ಮುಗಿದು, ಹೂಮಳೆ ಆಗಿ, ತೋಟದ ಕೆಲಸ ಸ್ವಲ್ಪ ಹಗುರಾದ ಮೇಲೆ ಏಪ್ರಿಲ್‌ನಲ್ಲಿ ನಾನೂ ಯಜಮಾನರೂ ಅವರಲ್ಲಿಗೆ ಹೊರಟಿದ್ದೇವೆ. ಗ್ರ್ಯಾಂಡ್ ಕ್ಯಾನ್ಯನ್ನನ್ನು ಮೇಲಿಂದ ನೋಡಿ ಫೋಟೊ ತೆಗೆದು ವಾಪಸ್ ಬರುವುದು ಬೇಡ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಒಳಗಿಳಿದು ಟೆಂಟಿನಲ್ಲಿ ಉಳಿಯೋಣ ಅಂತ ಮಗಳ ಆಸೆ. ನನಗೂ ಆಸೆಯಿದೆ.

ಹೋಗುವವರು ಐದು ಜನ. ಮೊಮ್ಮಗನಿಗೆ ಒಂಬತ್ತು ವರ್ಷ. ಯಜಮಾನರಿಗೆ ಅರವತ್ತು ದಾಟಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೆ ದಿನಾ ತೋಟ ಸುತ್ತುವ ಕಾಲು. ನನಗೆ ಇಳಿಜಾರಿನಲ್ಲಿ ಎಡ ಮಂಡಿ ನೋಯುತ್ತದೆ. ತಡಿಯಂಡಮೋಳ್, ಬ್ರಹ್ಮಗಿರಿ ಹತ್ತುವುದು ನಮಗೆ ಹೊಸತಲ್ಲ. ಮರುಭೂಮಿ ಮಾತ್ರ ಗೊತ್ತೇ ಇಲ್ಲ. ನಾವು ಹುಟ್ಟಿದಾಗಿನಿಂದ ಎಲ್ಲಿ ನಡೆದರೂ ಪಕ್ಕದಲ್ಲೊಂದು ತೋಡು ಹರಿಯುತ್ತಿರುತ್ತದೆ. ನೀರು, ಊಟ, ಮಗುವಿನ ಕ್ಷೇಮ, ಯಾವ ದಾರಿ ಹಿಡಿಯಬೇಕು, ಇದರಲ್ಲಿ ಯಾವುದರ ಬಗ್ಗೆ ಗೊತ್ತಿದ್ದರೂ ಬರೆಯಿರಿ.

ಸೋಮವಾರಪೇಟೆ ಚಾರಣಿಗ:

ಅಕ್ಕಾ, ಖಂಡಿತ ಹೋಗಬಹುದು. ಅಲ್ಲಿ ಕೆಲಸದಲ್ಲಿದ್ದಾಗ ಹೆಂಡತಿ, ಮಗಳ ಜತೆ ನಾನೂ ಇಳಿದು ಉಳಿದು ಬಂದಿದ್ದೇನೆ. ಉದ್ದ ಆದರೂ ಪರವಾಗಿಲ್ಲ, ಪೂರ್ತಿ ಬರೆಯುತ್ತೇನೆ.

ತಡಿಯಂಡಮೋಳ್ ಹತ್ತಿದ ಅಭ್ಯಾಸ ನಿಮ್ಮ ಕಾಲಿಗೆ ನೆರವಾಗುತ್ತದೆ, ನಿಮ್ಮ ಲೆಕ್ಕಾಚಾರಕ್ಕೆ ಅಡ್ಡ ಬರುತ್ತದೆ. ನಮ್ಮ ಬೆಟ್ಟಗಳಲ್ಲಿ ಕಷ್ಟವೆಲ್ಲ ಮೊದಲೇ ಬಂದು ಮುಗಿಯುತ್ತದೆ. ಬೆಳಗಿನ ತಂಪಿನಲ್ಲಿ, ಕಾಲಲ್ಲಿ ಕಸುವಿರುವಾಗ ಹತ್ತುತ್ತೇವೆ. ಅರ್ಧದಲ್ಲಿ ಯಾರಿಗಾದರೂ ಆಗಲಿಲ್ಲ ಅಂದರೆ ತಿರುಗಿ ಇಳಿದರಾಯಿತು, ಜೀಪು ಕೆಳಗಿದೆ. ಕ್ಯಾನ್ಯನ್ನಿನಲ್ಲಿ ಎಲ್ಲ ತಲೆಕೆಳಗು. ಮೊದಲು ಇಳಿಯುತ್ತೀರಿ, ಬಲು ಸಲೀಸು. ಮಗು ಓಡುತ್ತದೆ, ದೊಡ್ಡವರು ಹರಟೆ ಹೊಡೆಯುತ್ತಾರೆ, ಇನ್ನೂ ಸ್ವಲ್ಪ ಕೆಳಗೆ ಹೋಗೋಣ ಅನ್ನಿಸುತ್ತದೆ. ಕೆಳಕ್ಕೆ ಹೋದಂತೆ ಸೆಕೆ ಏರುತ್ತದೆ. ದಣಿದ ಮೇಲೆ, ನೀರು ಕಮ್ಮಿಯಾದ ಮೇಲೆ, ಬಿಸಿಲು ನೆತ್ತಿಗೆ ಬಂದ ಮೇಲೆ ಹತ್ತುವ ಪಾಳಿ. ಕಾರು ಇರುವುದು ಮೇಲೆ. ಆ ಪಾರ್ಕಿನಲ್ಲಿ ವರ್ಷಕ್ಕೆ 250ಕ್ಕೂ ಹೆಚ್ಚು ಜನರನ್ನು ರಕ್ಷಣಾ ಸಿಬ್ಬಂದಿ ಮೇಲೆ ತರಬೇಕಾಗುತ್ತದೆ.

ಹಾಗಾಗಿ ಲೆಕ್ಕ ಹಾಕುವಾಗ ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಅಂತ ಇಟ್ಟುಕೊಳ್ಳಿ. ಮತ್ತು ಎಷ್ಟು ದೂರ ಹೋಗಬೇಕು ಅನ್ನುವುದನ್ನು ನಿಮ್ಮಲ್ಲಿ ಗಟ್ಟಿಯಾದವರು ತೀರ್ಮಾನಿಸಬಾರದು. ನಿಮ್ಮ ಮಂಡಿ, ಯಜಮಾನರ ಬಿಪಿ, ಮೊಮ್ಮಗನ ಕಾಲು, ಈ ಮೂರು ಎಲ್ಲಿಂದ ವಾಪಸ್ ಹತ್ತಿ ಬರಬಲ್ಲವೋ ಅಲ್ಲಿಯವರೆಗೆ ಮಾತ್ರ ಇಳಿಯುವುದು.

ಇನ್ನು ದಾರಿ. ಫೀನಿಕ್ಸ್‌ನಿಂದ ಸೌತ್ ರಿಮ್‌ಗೆ, ಅಂದರೆ ಕಣಿವೆಯ ದಕ್ಷಿಣ ಅಂಚಿಗೆ, ಕಾರಿನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ. ಅಲ್ಲಿಂದ ಕೆಳಗಿಳಿಯಲು ಎರಡು ಮುಖ್ಯ ಹಾದಿ. ಸೌತ್ ಕೈಬಾಬ್ ಹಾದಿ 11 ಕಿಲೋಮೀಟರಿನಲ್ಲೇ ನದಿ ಮುಟ್ಟಿಸುತ್ತದೆ, ನೋಟ ಬಹಳ ಚೆಂದ, ಆದರೆ ಉದ್ದಕ್ಕೂ ಒಂದು ಹನಿ ನೀರಿಲ್ಲ, ನೆರಳೂ ಇಲ್ಲವೆನ್ನುವಷ್ಟು ಕಮ್ಮಿ. ಅದು ನಿಮಗಲ್ಲ. ನಿಮಗೆ ಬ್ರೈಟ್ ಏಂಜೆಲ್ ಹಾದಿ. 7 ಕಿಲೋಮೀಟರ್ ಇಳಿದರೆ ಹವಸುಪೈ ಗಾರ್ಡನ್ಸ್ ಅನ್ನುವ ಜಾಗ. ಅಲ್ಲಿ ತೊರೆ ಇದೆ, ಕಾಟನ್‌ವುಡ್ ಮರಗಳ ದಟ್ಟ ನೆರಳಿದೆ, ಟೆಂಟ್ ಹಾಕುವ ಜಾಗ, ಶೌಚಾಲಯ, ಕುಡಿಯುವ ನೀರಿನ ನಲ್ಲಿ ಇವೆ.

ಎತ್ತರದ ಅಂದಾಜು ಸಿಗಲಿ ಅಂತ ಹೇಳುತ್ತೇನೆ. ಹಾದಿ ಶುರುವಾಗುವ ಕಡೆ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 2,090 ಮೀಟರ್, ಅಂದರೆ ತಡಿಯಂಡಮೋಳ್ ತುದಿಗಿಂತ (1,748) ಮುನ್ನೂರು ಮೀಟರಿಗೂ ಹೆಚ್ಚು ಮೇಲೆ. ಹವಸುಪೈ ಗಾರ್ಡನ್ಸ್ ಸುಮಾರು 1,160, ನಮ್ಮ ಮಡಿಕೇರಿ ಪೇಟೆಯ ಎತ್ತರ. ನದಿ 750ರ ಆಸುಪಾಸು. ನೀವು ಇಳಿದು ಹತ್ತಬೇಕಾದ್ದು 930 ಮೀಟರ್. ನದಿಯವರೆಗೆ ಹೋದರೆ 15 ಕಿಲೋಮೀಟರ್, 1,335 ಮೀಟರ್. ನನ್ನ ಮಾತು ಕೇಳುವುದಾದರೆ ಗಾರ್ಡನ್ಸ್‌ನಲ್ಲೇ ನಿಲ್ಲಿ. ಸಾಧ್ಯವಾದರೆ ಒಂದು ರಾತ್ರಿಯ ಬದಲು ಎರಡು ರಾತ್ರಿಯ ಪರ್ಮಿಟ್ ಹಾಕಿ. ನಡುವಿನ ದಿನ ಮಂಡಿಗೆ ವಿಶ್ರಾಂತಿ, ಹುಡುಗನಿಗೆ ತೊರೆ.

ಪರ್ಮಿಟ್ ಇಲ್ಲದೆ ಕೆಳಗೆ ರಾತ್ರಿ ಉಳಿಯುವ ಹಾಗಿಲ್ಲ. ಆನ್‌ಲೈನ್ ಲಾಟರಿ ಇರುತ್ತದೆ, ನಾಲ್ಕೈದು ತಿಂಗಳು ಮೊದಲೇ ಅರ್ಜಿ ಹಾಕಬೇಕು, ಅಳಿಯನಿಗೆ ಈಗಲೇ ಹೇಳಿ. ಆರು ಜನರವರೆಗೆ ಸಣ್ಣ ಗುಂಪು ಅಂತ ಲೆಕ್ಕ, ನೀವು ಐವರು ಅದರೊಳಗೇ ಬರುತ್ತೀರಿ.

ನಾಪೋಕ್ಲು ತೋಟದಮನೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬ ಉಪಕಾರವಾಯಿತು ತಮ್ಮಾ. ಮಡಿಕೇರಿ ಎತ್ತರ ಅಂದ ಕೂಡಲೇ ಕಣ್ಣಿಗೆ ಕಟ್ಟಿತು. ಏಪ್ರಿಲ್‌ನಲ್ಲಿ ಅಲ್ಲಿ ಚಳಿಯೋ ಸೆಕೆಯೋ? ನಲ್ಲಿ ಇದೆ ಅಂದಿರಿ, ಹಾಗಾದರೆ ನೀರು ಹೊರುವುದು ಬೇಡವೇ?

ಸೋಮವಾರಪೇಟೆ ಚಾರಣಿಗ:

ಎರಡೂ. ಏಪ್ರಿಲ್‌ನಲ್ಲಿ ಅಂಚಿನ ಮೇಲೆ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಹೋಗುತ್ತದೆ, ಹಗಲು 15 ಇದ್ದರೆ ಹೆಚ್ಚು. ಅದೇ ಹೊತ್ತಿಗೆ ನದಿಯ ಹತ್ತಿರ ಹಗಲು 28ರ ಸುಮಾರು. ತಿಂಗಳ ಮೊದಲಲ್ಲಿ ಹೋದರೆ ಹಾದಿಯ ಮೇಲಿನ ತಿರುವುಗಳಲ್ಲಿ, ಬಿಸಿಲು ತಾಗದ ಕಡೆ, ಮಂಜುಗಡ್ಡೆ ಉಳಿದಿರಬಹುದು. ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಜೂನ್, ಜುಲೈನಲ್ಲಿ ಒಳಗೆ 40 ದಾಟುತ್ತದೆ. ಆಗ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಡೆಯಲೇಬೇಡಿ ಅಂತ ರೇಂಜರ್‌ಗಳು ಹೇಳುತ್ತಾರೆ. ಏಪ್ರಿಲ್ ಆಯ್ಕೆ ಮಾಡಿದ್ದು ಒಳ್ಳೆಯದಾಯಿತು.

ನೀರು ಹೊರಲೇಬೇಕು. ಹಾದಿಯ ಶುರುವಿನಿಂದ ಒಂದೂವರೆ ಮೈಲಿಯಲ್ಲಿ ಒಂದು, ಮೂರು ಮೈಲಿಯಲ್ಲಿ ಇನ್ನೊಂದು ತಂಗುಮನೆ ಇವೆ. ಅಲ್ಲಿನ ನಲ್ಲಿ ಬೇಸಿಗೆ ತಿಂಗಳಲ್ಲಿ ಮಾತ್ರ ತೆರೆದಿರುತ್ತದೆ, ಏಪ್ರಿಲ್‌ನಲ್ಲಿ ಬಂದ್ ಇರಬಹುದು. ಗಾರ್ಡನ್ಸ್‌ನ ನಲ್ಲಿ ವರ್ಷವಿಡೀ ಬರಬೇಕು, ಆದರೆ ಕಣಿವೆಯ ಆಚೆ ಬದಿಯ ಬುಗ್ಗೆಯಿಂದ ನೀರು ತರುವ ಆ ಪೈಪ್‌ಲೈನ್ ಬಹಳ ಹಳೆಯದು, ಆಗಾಗ ಒಡೆಯುತ್ತದೆ. ಹೊರಡುವ ಹಿಂದಿನ ದಿನ ಪಾರ್ಕಿನ ವೆಬ್‌ಸೈಟಿನಲ್ಲಿ ಯಾವ ನಲ್ಲಿ ಚಾಲೂ ಇದೆ, ಯಾವ ಹಾದಿ ಮುಚ್ಚಿದೆ ಅಂತ ನೋಡಿಯೇ ಹೊರಡಿ. ತೊರೆಯ ನೀರು ಶುದ್ಧ ಮಾಡಲು ಫಿಲ್ಟರ್ ಅಥವಾ ಮಾತ್ರೆ ಜತೆಗಿರಲಿ. 2025ರ ಜುಲೈಯಲ್ಲಿ ಉತ್ತರ ಅಂಚಿನಲ್ಲಿ ಕಾಡ್ಗಿಚ್ಚಿಗೆ ಅಲ್ಲಿನ ಹಳೆಯ ಲಾಡ್ಜೇ ಸುಟ್ಟುಹೋಯಿತು, ಆ ಕಡೆಯ ಹಾದಿಗಳೆಲ್ಲ ಮುಚ್ಚಿದವು. ಹಾಗಾಗಿ ಹಳೆಯ ಮಾಹಿತಿ ನಂಬಿ ಹೋಗುವ ಜಾಗ ಅಲ್ಲ ಅದು. ನಾನು ಬರೆದದ್ದನ್ನೂ ಒಮ್ಮೆ ತಾಳೆ ನೋಡಿ.

ಭಾಗಮಂಡಲ ಓಟಗಾರ:

ಅಣ್ಣ, ಇಷ್ಟೆಲ್ಲ ಹೆದರಿಸುವ ಅಗತ್ಯ ಇದೆಯೇ? ಬೆಳಿಗ್ಗೆ ನಾಲ್ಕಕ್ಕೆ ಹೊರಟು ನದಿ ಮುಟ್ಟಿ ಸಂಜೆಯೊಳಗೆ ಮೇಲೆ ಬಂದವರ ವಿಡಿಯೊ ಎಷ್ಟೋ ಇವೆ. ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿಯುವವರು ನಾವು. ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ ಹೊತ್ತು ಭಾರ ಮಾಡಿಕೊಳ್ಳುವ ಬದಲು ಒಂದು ದಿನದ ನಡಿಗೆ ಹಗುರ ಅಲ್ಲವೇ?

ಸೋಮವಾರಪೇಟೆ ಚಾರಣಿಗ:

ತಮ್ಮಾ, ನಿನ್ನ ವಯಸ್ಸಿಗೆ, ನಿನ್ನ ಅಭ್ಯಾಸಕ್ಕೆ, ತಂಪು ತಿಂಗಳಲ್ಲಿ ಅದು ಆಗಬಹುದು. ಆದರೂ ಒಂದೇ ದಿನದಲ್ಲಿ ನದಿಗಿಳಿದು ಹತ್ತುವ ಯತ್ನ ಮಾಡಬೇಡಿ ಅಂತ ಪಾರ್ಕಿನವರೇ ಹಾದಿಯ ಬಾಯಲ್ಲಿ ಫಲಕ ಹಾಕಿದ್ದಾರೆ. ಅಲ್ಲಿ ಕುಸಿದವರಲ್ಲಿ ಗಟ್ಟಿಮುಟ್ಟಾದ ಹುಡುಗರೂ ಇದ್ದಾರೆ. ಇಲ್ಲಿ ಕೇಳುತ್ತಿರುವುದು ಅಜ್ಜಿ, ತಾತ, ಮೊಮ್ಮಗ ಸೇರಿ ಹೋಗುವ ವಿಚಾರ. ಕುಮಾರ ಪರ್ವತದಲ್ಲಿ ಶರ್ಟು ಹಿಂಡಿದರೆ ನೀರು ಬರುವ ಹಾಗೆ ಬೆವರುತ್ತೀಯ, ಬೆವರಿದ್ದು ನಿನಗೇ ಗೊತ್ತಾಗುತ್ತದೆ. ಅಲ್ಲಿ ಗಾಳಿ ಎಷ್ಟು ಒಣ ಅಂದರೆ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಮೈ ಒಣಗಿದ್ದೇ ಇರುತ್ತದೆ. ಅರ್ಧ ದಾರಿಯಲ್ಲಿ ಕೂತು ನೋಡಿದರೆ ಮಗಳ ಟಿ-ಶರ್ಟಿನ ಮೇಲೆ, ಬ್ಯಾಗಿನ ಪಟ್ಟಿ ತಾಗುವ ಕಡೆ, ಬಿಳಿ ಉಪ್ಪಿನ ಗೆರೆ ಮೂಡಿತ್ತು. ಕೈಯಿಂದ ಉಜ್ಜಿದರೆ ಪುಡಿಯಾಗಿ ಉದುರಿತು. ಅವಳಿಗೆ ಬಾಯಾರಿಕೆಯೇ ಆಗಿಲ್ಲವಂತೆ.

ಭಾರದ ಮಾತು ನಿಜ. ಅದಕ್ಕೇ ಏಳು ಕಿಲೋಮೀಟರಿಗೆ ನಿಲ್ಲಿ ಅಂದದ್ದು.

ಗೋಣಿಕೊಪ್ಪ ಕ್ಲಿನಿಕ್:

ಉಪ್ಪಿನ ಮಾತು ಬಂದಿದ್ದು ಒಳ್ಳೆಯದಾಯಿತು. ವೈದ್ಯನಾಗಿ ಎರಡು ಮಾತು.

ಮರುಭೂಮಿ ಅಂದ ಕೂಡಲೇ ಜನ ನೀರು ಕುಡಿಯಿರಿ, ನೀರು ಕುಡಿಯಿರಿ ಅನ್ನುತ್ತಾರೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದು ಏನೂ ತಿನ್ನದಿದ್ದರೆ ರಕ್ತದ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ತಬ್ಬಿಬ್ಬು, ಕೊನೆಗೆ ಫಿಟ್ಸ್. ಹೊರಗಿಂದ ನೋಡುವವರಿಗೆ ಇದು ಬಿಸಿಲಿನ ಆಯಾಸದ ಹಾಗೇ ಕಾಣುತ್ತದೆ, ಇನ್ನಷ್ಟು ನೀರು ಕುಡಿಸುತ್ತಾರೆ, ಪರಿಸ್ಥಿತಿ ಬಿಗಡಾಯಿಸುತ್ತದೆ. ಬಿಸಿಲಲ್ಲಿ ಹತ್ತುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಸಾಕು, ಪ್ರತಿ ಸಲವೂ ಜತೆಗೆ ಉಪ್ಪಿರುವ ತಿಂಡಿ. ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಒಯ್ಯಿರಿ. ಪೊಟ್ಟಣದ ಮೇಲೆ ಎಷ್ಟು ಬರೆದಿದೆಯೋ ಸರಿಯಾಗಿ ಅಷ್ಟೇ ನೀರು, ಹೆಚ್ಚೂ ಬೇಡ ಕಮ್ಮಿಯೂ ಬೇಡ.

ಯಜಮಾನರ ಬಿಪಿ ಮಾತ್ರೆ ಯಾವುದು ಅಂತ ನೋಡಿ. ನೀರು ಹೋಗಿಸುವ ಮಾತ್ರೆ ಅದರಲ್ಲಿ ಸೇರಿದ್ದರೆ, ಬೆವರಿ ನೀರು ಉಪ್ಪು ಎರಡೂ ಹೋದಾಗ ಬಿಪಿ ತೀರ ಇಳಿದು ತಲೆ ಸುತ್ತಬಹುದು, ಸೋಡಿಯಂ ಇಳಿಯುವ ಸಾಧ್ಯತೆಯೂ ಹೆಚ್ಚು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಹೊರಡುವ ತಿಂಗಳ ಮೊದಲು ನಿಮ್ಮ ಡಾಕ್ಟರ ಹತ್ತಿರ ಕೂತು, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿ ಕೇಳಿ.

ಮಕ್ಕಳು ಆಟದ ಭರದಲ್ಲಿ ಬಾಯಾರಿಕೆ ಹೇಳುವುದಿಲ್ಲ. ಹುಡುಗ ಇದ್ದಕ್ಕಿದ್ದಂತೆ ಮಂಕಾದರೆ, ಸುಮ್ಮನೆ ಹಟ ಮಾಡಿದರೆ, ಗದರಿಸುವ ಮೊದಲು ನೆರಳಿಗೆ ಕೂರಿಸಿ, ಶರ್ಟು ಪೂರ್ತಿ ಒದ್ದೆ ಮಾಡಿ ಗಾಳಿ ಹಾಕಿ, ಏನಾದರೂ ತಿನ್ನಿಸಿ. ಯಾರೇ ಆಗಲಿ ಮಾತು ತೊದಲಿದರೆ, ತಾನೆಲ್ಲಿದ್ದೇನೆ ಅನ್ನುವುದು ತಿಳಿಯದಿದ್ದರೆ ಅದು ತುರ್ತು ಪರಿಸ್ಥಿತಿ. ಆಗ ನಡೆಸಬೇಡಿ, ಸಹಾಯಕ್ಕೆ ಕರೆಯಿರಿ.

ಸೋಮವಾರಪೇಟೆ ಚಾರಣಿಗ:

ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೊಬೈಲ್ ಸಿಗ್ನಲ್ ನಂಬಬೇಡಿ. ಬ್ರೈಟ್ ಏಂಜೆಲ್ ಹಾದಿಯ ತಂಗುಮನೆಗಳ ಹತ್ತಿರ ತುರ್ತು ಫೋನ್ ಇವೆ, ಇಳಿಯುವಾಗಲೇ ಎಲ್ಲಿವೆ ಅಂತ ಹುಡುಗನಿಗೂ ತೋರಿಸಿ.

ವಿರಾಜಪೇಟೆ ಅಡುಗೆಮನೆ:

ಊಟದ ವಿಚಾರ ನನಗೆ ಬಿಡಿ ಅಕ್ಕ. ಮೊದಲೇ ಹೇಳುತ್ತೇನೆ, ಪಂದಿ ಉಪ್ಪಿನಕಾಯಿ, ಒಣಗಿಸಿದ ಮಾಂಸ ಬ್ಯಾಗಿಗೆ ಹಾಕಬೇಡಿ. ಇಲ್ಲಿಂದ ಹಂದಿಮಾಂಸದ ಯಾವ ಪದಾರ್ಥವನ್ನೂ ಅಮೆರಿಕದೊಳಗೆ ಬಿಡುವುದಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಹುರಿದು ಪುಡಿ ಮಾಡಿದ ಕಾಫಿ ಒಯ್ಯಬಹುದು. ಯಾವ ತಿಂಡಿಯೇ ಇರಲಿ ಫಾರ್ಮಿನಲ್ಲಿ ಬರೆದುಬಿಡಿ, ಮಂಡೆಬಿಸಿ ಇರುವುದಿಲ್ಲ.

ಟೆಂಟಿನ ಊಟಕ್ಕೆ ನಮ್ಮ ಅವಲಕ್ಕಿಯನ್ನು ಮೀರಿಸುವುದಿಲ್ಲ. ತೆಳು ಅವಲಕ್ಕಿ ಹುರಿದು, ಕಡಲೆಬೀಜ, ಹುರಿಗಡಲೆ, ಒಣಕೊಬ್ಬರಿ, ಹುಣಸೆ, ಬೆಲ್ಲ, ಸಾರಿನ ಪುಡಿ ಎಲ್ಲ ಒಣದಾಗಿ ಕಲಸಿ ಪೊಟ್ಟಣ ಕಟ್ಟಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷಕ್ಕೆ ಹುಳಿ ಅವಲಕ್ಕಿ. ಉಪ್ಪಿಟ್ಟಿಗೂ ರವೆ ಹುರಿದು ಒಗ್ಗರಣೆ ಸೇರಿಸಿ ಇಟ್ಟರೆ ಅದೇ ರೀತಿ. ಬೇಳೆ ಬೇಯಿಸುವ ಯೋಚನೆ ಬೇಡ, ಗ್ಯಾಸೂ ನೀರೂ ದಂಡ. ಅಕ್ಕಿ ರೊಟ್ಟಿ ಒಣ ಗಾಳಿಗೆ ಬೇಗ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ, ಮೊದಲ ಮಧ್ಯಾಹ್ನಕ್ಕೆ ಮಾತ್ರ ಇಟ್ಟುಕೊಳ್ಳಿ, ಜತೆಗೆ ಎಳ್ಳು ಚಟ್ನಿಪುಡಿ. ದಾರಿಯಲ್ಲಿ ಕೈಗೆ ಸಿಗುವ ಹಾಗೆ ಖಾರದ ಕಡಲೆ, ಕೋಡುಬಳೆ, ಬಾಳೆಕಾಯಿ ಚಿಪ್ಸ್. ಡಾಕ್ಟ್ರು ಹೇಳಿದ ಉಪ್ಪು ಅದರಲ್ಲೇ ಬಂತು.

ಸೋಮವಾರಪೇಟೆ ಚಾರಣಿಗ:

ತಿಂಡಿಯನ್ನು ರಾತ್ರಿ ಟೆಂಟಿನಲ್ಲಿ ಇಡಬೇಡಿ. ಕ್ಯಾಂಪಿನಲ್ಲಿ ಮುಚ್ಚಳ ಬಿಗಿಯಾಗುವ ಲೋಹದ ಡಬ್ಬಗಳಿವೆ, ಎಲ್ಲವನ್ನೂ ಅದರೊಳಗೆ ಹಾಕಿ. ಅಲ್ಲಿನ ಬಂಡೆ ಅಳಿಲುಗಳು ಬ್ಯಾಗು ಕಡಿದು ತೂತು ಮಾಡುತ್ತವೆ, ಕೈಯಿಂದ ತಿನ್ನಿಸಲು ಹೋದರೆ ಕಚ್ಚುತ್ತವೆ. ದೊಡ್ಡ ಕಾಗೆಗಳು ಜಿಪ್ಪನ್ನೇ ಎಳೆದು ತೆಗೆಯುತ್ತವೆ. ಉಂಬಳ ಇಲ್ಲ, ಅಷ್ಟು ಸಮಾಧಾನ. ಅದರ ಬದಲು ಚೇಳಿದೆ, ಬೆಳಿಗ್ಗೆ ಶೂ ಕೊಡವಿಯೇ ಕಾಲು ಹಾಕಬೇಕು. ಸೌದೆ ಬೆಂಕಿ ಪೂರ್ತಿ ನಿಷೇಧ, ಗ್ಯಾಸ್ ಒಲೆ ಮಾತ್ರ.

ಹೇಸರಗತ್ತೆಗಳ ಸಾಲು ಎದುರು ಬಂದರೆ ಕಣಿವೆಯ ಬದಿಗೆ ನಿಲ್ಲದೆ ಗುಡ್ಡದ ಬದಿಗೆ ಸರಿದು ಅಲುಗಾಡದೆ ನಿಲ್ಲಿ, ನಡೆಸುವವನು ಹೇಳಿದ ಹಾಗೆ ಕೇಳಿ. ಹುಡುಗನ ಕೈ ಹಿಡಿದಿರಬೇಕಾದ ಹೊತ್ತು ಅದೇ.

ಸುಂಟಿಕೊಪ್ಪ ಟು ಮಸ್ಕತ್:

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ನಾನು ಒಮಾನಿನಲ್ಲಿ ಕೆಲಸಕ್ಕಿದ್ದೇನೆ. ಇಲ್ಲಿಯೂ ಜಬಲ್ ಶಮ್ಸ್ ಬೆಟ್ಟದಲ್ಲಿ ವಾದಿ ಘುಲ್ ಅನ್ನುವ ದೊಡ್ಡ ಕಂದರ ಇದೆ, ಅರಬ್ ನಾಡಿನ ಗ್ರ್ಯಾಂಡ್ ಕ್ಯಾನ್ಯನ್ ಅಂತಲೇ ಕರೆಯುತ್ತಾರೆ. ಅದರ ಗೋಡೆಗೆ ಅಂಟಿದ ಹಾದಿಯಲ್ಲಿ ನಡೆದರೆ ಜನ ಬಿಟ್ಟುಹೋದ ಹಳೆ ಊರೊಂದು ಸಿಗುತ್ತದೆ. ಊರಿಂದ ಮನೆಯವರು ಬಂದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೇವೆ. ಅಮೆರಿಕದ ವೀಸಾ ಸಿಗದವರು, ಗಲ್ಫಿನಲ್ಲಿ ನೆಂಟರಿರುವವರು ಇದನ್ನೂ ಯೋಚಿಸಬಹುದು. ಚಳಿಗಾಲದಲ್ಲಿ ಬನ್ನಿ.

ನಾನು ಹೇಳಬೇಕಾದ್ದು ನೀರಿನ ಇನ್ನೊಂದು ಮುಖ. ಮರುಭೂಮಿಯ ಕಣಿವೆಯಲ್ಲಿ ನೀರಿಲ್ಲದೆ ಸಾಯುವ ಭಯದಷ್ಟೇ ನೀರು ಬಂದು ಸಾಯುವ ಭಯವೂ ಇದೆ. ಭಾಗಮಂಡಲದಲ್ಲಿ ಹೊಯ್ದ ಮಳೆಗೆ ಕರಡಿಗೋಡಿನ ಮನೆಗಳಿಗೆ ಕಾವೇರಿ ನುಗ್ಗುವುದನ್ನು ನೋಡಿ ಬೆಳೆದವರು ನಾವು. ಅಲ್ಲಿ ನದಿ ಏರುವುದು ಕಾಣುತ್ತದೆ, ಸಾಮಾನು ಎತ್ತಿಡಲು ಹೊತ್ತಿರುತ್ತದೆ. ಇಲ್ಲಿ ಬರೀ ಬಂಡೆ. ಮಣ್ಣು ಹೀರುವುದಿಲ್ಲ, ಮರ ತಡೆಯುವುದಿಲ್ಲ. ಎಲ್ಲೋ ದೂರದ ಬೆಟ್ಟದಲ್ಲಿ ಹೊಯ್ದದ್ದು ನಿಮಿಷಗಳಲ್ಲಿ ಇಕ್ಕಟ್ಟಿನ ಕಣಿವೆಗೆ ಗೋಡೆಯ ಹಾಗೆ ಬರುತ್ತದೆ. ನಿಮ್ಮ ತಲೆ ಮೇಲೆ ಆಕಾಶ ನೀಲಿಯಾಗಿಯೇ ಇರುತ್ತದೆ. ಒಮಾನಿನಲ್ಲಿ ವಾದಿ ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹೊಳೆಯ ಕಣಿವೆ. ಹರಿಯುವ ವಾದಿಗೆ ಗಾಡಿ ಇಳಿಸುವುದು ಕಾನೂನಿನ ಪ್ರಕಾರ ಅಪರಾಧ, ಅಷ್ಟು ಜನ ಸತ್ತಿದ್ದಾರೆ. ಅರಿಝೋನಾದಲ್ಲೇ 1997ರ ಆಗಸ್ಟ್ 12ರಂದು ಆಂಟೆಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಹೀಗೇ ಕೊಚ್ಚಿಹೋದರು. ಮಳೆ ಹೊಯ್ದದ್ದು ಮೈಲಿಗಟ್ಟಲೆ ಆಚೆ.

ನಾಪೋಕ್ಲು ತೋಟದಮನೆ:

ಓದಿ ಎದೆ ಝಲ್ ಎಂದಿತು. ಮಗಳು ಬರುವ ದಾರಿಯಲ್ಲಿ ಆಂಟೆಲೋಪ್ ಕ್ಯಾನ್ಯನ್ ನೋಡೋಣ ಅಂದಿದ್ದಳು.

ಸೋಮವಾರಪೇಟೆ ಚಾರಣಿಗ:

ನೋಡಬಹುದು ಅಕ್ಕ. ಅದು ನವಾಹೋ ಜನರ ಭೂಮಿ, ಈಗ ಅವರ ಗೈಡ್ ಜತೆ ಬಿಟ್ಟು ಯಾರೂ ಒಳಗೆ ಹೋಗುವ ಹಾಗಿಲ್ಲ. ಮೋಡದ ಸುದ್ದಿ ಇದ್ದರೆ ಅವರೇ ಪ್ರವೇಶ ನಿಲ್ಲಿಸುತ್ತಾರೆ. ಆ ಕಡೆಯ ಮಳೆಗಾಲ ಜುಲೈಯಿಂದ ಸೆಪ್ಟೆಂಬರ್. ಏಪ್ರಿಲ್‌ನಲ್ಲಿ ಅಪಾಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಸುಂಟಿಕೊಪ್ಪದ ಭಾಯಿ ಹೇಳಿದ್ದನ್ನು ಮನಸ್ಸಿನಲ್ಲಿಡಿ: ಟೆಂಟನ್ನು ಗುರುತು ಮಾಡಿದ ಜಾಗದಲ್ಲೇ ಹಾಕಿ, ಒಣಗಿದ ತೊರೆಯ ಪಾತ್ರ ಎಷ್ಟೇ ಮಟ್ಟಸವಾಗಿ ಕಂಡರೂ ಅಲ್ಲಿ ಬೇಡ.

ಕುಶಾಲನಗರದ ಮೇಷ್ಟ್ರು:

ಮೊಮ್ಮಗ ಬರುತ್ತಾನೆ ಅಂದಿರಿ, ಅವನಿಗಾಗಿ ಬರೆಯುತ್ತೇನೆ.

ಆ ಕಣಿವೆಯಲ್ಲಿ ಇಳಿಯುವುದೆಂದರೆ ಕಾಲದಲ್ಲಿ ಹಿಂದಕ್ಕೆ ನಡೆಯುವುದು. ಅಂಚಿನ ಮೇಲಿನ ಬಿಳಿ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷದ್ದು, ಆಗ ಅಲ್ಲಿ ಸಮುದ್ರವಿತ್ತು. ಹುಡುಗನಿಗೆ ಕಲ್ಲಿನೊಳಗೆ ಚಿಪ್ಪಿನ ಗುರುತು ಹುಡುಕಲು ಹೇಳಿ. ಕೀಳಬಾರದು, ಕೈಯಾಡಿಸಿ ಬಿಡಬೇಕು. ಇಳಿದಂತೆ ಬಣ್ಣ ಬದಲಾಗುತ್ತದೆ: ಕೆನೆಬಣ್ಣದ ಮರಳುಗಲ್ಲು, ಕೆಂಪು ಪದರಗಳು, ಕೆಂಪು ಬಳಿದುಕೊಂಡ ಎತ್ತರದ ಸುಣ್ಣಕಲ್ಲಿನ ಗೋಡೆ, ಆಮೇಲೆ ಹಸಿರು ಛಾಯೆಯ ಜೇಡಿಕಲ್ಲು. ಹವಸುಪೈ ಗಾರ್ಡನ್ಸ್‌ನಿಂದ ಎರಡೂವರೆ ಕಿಲೋಮೀಟರ್ ಹೆಚ್ಚುಕಮ್ಮಿ ಸಮತಟ್ಟಾಗಿ ನಡೆದರೆ ಪ್ಲಾಟೋ ಪಾಯಿಂಟ್ ಸಿಗುತ್ತದೆ. ಅಲ್ಲಿ ನೀವು ನಿಲ್ಲುವ ಬಂಡೆಗೆ ಸುಮಾರು 50 ಕೋಟಿ ವರ್ಷ. ಅದರ ಅಡಿಯಲ್ಲಿ, ನದಿಯ ಬದಿಗೆ, ಕಪ್ಪಗೆ ಮಿನುಗುವ ಕಲ್ಲಿಗೆ ಸುಮಾರು 175 ಕೋಟಿ ವರ್ಷ. ನಡುವಿನ 120 ಕೋಟಿ ವರ್ಷಗಳ ಪದರ ಅಲ್ಲಿ ಇಲ್ಲವೇ ಇಲ್ಲ, ಸವೆದು ಹೋಗಿದೆ. ಆ ಎರಡು ಕಲ್ಲುಗಳು ಕೂಡುವ ಗೆರೆಯನ್ನು ಹುಡುಗ ಬೆರಳು ಮಾಡಿ ತೋರಿಸುವಂತಾದರೆ ಅವನು ದೊಡ್ಡದೊಂದನ್ನು ಕಲಿತ ಹಾಗೆ. ಇಷ್ಟನ್ನೂ ಕೊಲೊರಾಡೊ ನದಿ ಕೊರೆದದ್ದು ಕಳೆದ 50–60 ಲಕ್ಷ ವರ್ಷಗಳಲ್ಲಿ.

ಆ ಕಪ್ಪು ಕಲ್ಲನ್ನು ವಿಷ್ಣು ಶಿಸ್ಟ್ ಅನ್ನುತ್ತಾರೆ. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಅಲ್ಲಿನ ಶಿಖರಗಳನ್ನು ನೋಡಿ ಪೂರ್ವ ದೇಶಗಳ ಗುಡಿಗಳ ನೆನಪಾಗಿ ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತೆಲ್ಲ ಹೆಸರಿಟ್ಟರು. ಬ್ರಹ್ಮ, ಬುದ್ಧ, ಕೃಷ್ಣ, ರಾಮ ಎಲ್ಲರ ಹೆಸರಿನ ಶಿಖರವೂ ಇದೆ. ನಕ್ಷೆ ಹಿಡಿದು ತಾತ, ಮೊಮ್ಮಗ ಸೇರಿ ಗುರುತಿಸಲಿ. ಹೊರಡುವ ಮೊದಲು ಬೆಂಗಳೂರಿನಲ್ಲಿ ಲಾಲ್‌ಬಾಗ್ ಬಂಡೆಯನ್ನೂ ಒಮ್ಮೆ ಮುಟ್ಟಿ ಹೋಗಿ. ಅದಕ್ಕೆ 300 ಕೋಟಿ ವರ್ಷ, ವಿಷ್ಣು ಶಿಸ್ಟ್‌ಗಿಂತಲೂ ಬಹಳ ಹಿರಿಯದು.

ಇನ್ನೊಂದು ವಿಷಯವನ್ನೂ ಅವನಿಗೆ ಹೇಳಬೇಕು. ನೀವು ಟೆಂಟ್ ಹಾಕುವ ಆ ತೋಪು ಹವಸುಪೈ ಜನರ ಊರಾಗಿತ್ತು, ಮುಸುಕಿನ ಜೋಳ, ಬೀನ್ಸ್ ಬೆಳೆಯುತ್ತಿದ್ದರು. 1919ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಮೇಲೆ ಅವರನ್ನು ಒತ್ತಾಯದಿಂದ ಹೊರಗೆ ಹಾಕಿದರು, ಕೊನೆಯವರು 1928ರಲ್ಲಿ ಹೋದರು. ಬಹುಕಾಲ ಇಂಡಿಯನ್ ಗಾರ್ಡನ್ ಅಂತಿದ್ದ ಹೆಸರನ್ನು ಆ ಜನರೇ ಕೇಳಿ 2022ರಲ್ಲಿ ಬದಲಾಯಿಸಿಕೊಂಡರು. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳನ್ನು ಕಂಡ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆ ಮರಗಳ ನೆರಳಲ್ಲಿ ಕೂರುವಾಗ ಅದು ಯಾರ ಮನೆಯಂಗಳವಾಗಿತ್ತು ಅನ್ನುವುದು ಮಕ್ಕಳಿಗೆ ಗೊತ್ತಿರಲಿ.

ಪೊನ್ನಂಪೇಟೆ ಅಮ್ಮ:

ಎಲ್ಲ ಓದಿದೆ. ನನ್ನ ಅಭಿಪ್ರಾಯ ಬೇರೆ. ನೋಯುವ ಮಂಡಿ ಇಟ್ಟುಕೊಂಡು 930 ಮೀಟರ್ ಇಳಿದು ಹತ್ತುವುದು ಏಕೆ ಅಕ್ಕ? ಮಕ್ಕಳು ಇಳಿಯಲಿ, ನೀವಿಬ್ಬರೂ ಅಂಚಿನ ಮೇಲೆ ಇರಿ. ಅಂಚಿನುದ್ದಕ್ಕೂ ಮಟ್ಟಸವಾದ ಕಾಲುದಾರಿ ಇದೆ, ಬಸ್ಸೂ ಇದೆ. ಪರದೇಶದಲ್ಲಿ ಏನಾದರೂ ಆದರೆ ಆಸ್ಪತ್ರೆ ಖರ್ಚು ಸಾಮಾನ್ಯದ್ದಲ್ಲ.

ನಾಪೋಕ್ಲು ತೋಟದಮನೆ:

ಅದೂ ಯೋಚನೆ ಮಾಡಿದೆ. ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಯಜಮಾನರಂತೂ ನದಿಯನ್ನೇ ಮುಟ್ಟಬೇಕು ಅನ್ನುತ್ತಿದ್ದಾರೆ, ಕೇಳಿದರೆ ಕಾವೇರಿ ತೀರದವರು ನದಿ ನೋಡದೆ ಬರುವುದುಂಟೇ ಅನ್ನುತ್ತಾರೆ. ನನಗೆ ಮೊಮ್ಮಗನ ಜತೆ ಒಂದು ರಾತ್ರಿ ಟೆಂಟಿನಲ್ಲಿ ಇರಬೇಕು. ಅವನು ನಮ್ಮ ಹತ್ತಿರ ಇರುವುದೇ ವರ್ಷಕ್ಕೆ ಕೆಲವು ವಾರ.

ಸೋಮವಾರಪೇಟೆ ಚಾರಣಿಗ:

ಅಣ್ಣನಿಗೆ ಹೇಳಿ, ಪ್ಲಾಟೋ ಪಾಯಿಂಟಿನ ಅಂಚಿಗೆ ಹೋದರೆ ನದಿ ನೇರ ಕೆಳಗೆ ಕಾಣುತ್ತದೆ, ಸದ್ದೂ ಕೇಳುತ್ತದೆ. ಮಗಳು ಅಳಿಯ ಬೇಕಾದರೆ ನಡುವಿನ ದಿನ ಬೆಳಗ್ಗೆ ಬೇಗ ಎದ್ದು ನದಿಗೆ ಹೋಗಿ ಬರಲಿ. ಎಲ್ಲರೂ ಕೆಳಗಿನ ಕ್ಯಾಂಪಿಗೇ ಹೋಗುವುದಾದರೆ ನದಿಯ ಹತ್ತಿರದ ವಸತಿಗೃಹ ಫ್ಯಾಂಟಮ್ ರ‍್ಯಾಂಚ್‌ವರೆಗೆ ಹೇಸರಗತ್ತೆ ಮೇಲೆ ಸಾಮಾನು ಕಳಿಸುವ ಸೌಲಭ್ಯ ಇದೆ, ಒಂದು ಚೀಲಕ್ಕೆ 13 ಕಿಲೋ ಚಿಲ್ಲರೆ ಮಿತಿ. ಆದರೆ ಸಾಮಾನು ಹಗುರಾದ ಮಾತ್ರಕ್ಕೆ 1,335 ಮೀಟರ್ ಕಮ್ಮಿಯಾಗುವುದಿಲ್ಲ.

ಪೊನ್ನಂಪೇಟೆಯ ಅಕ್ಕ ಹೇಳಿದ್ದರಲ್ಲಿ ಆಸ್ಪತ್ರೆ ಖರ್ಚಿನ ಮಾತು ಬಹಳ ಮುಖ್ಯ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಮೊದಲಿನಿಂದ ಇರುವ ಬಿಪಿ ಸೇರಿದೆಯೇ, ಚಾರಣ ಸೇರಿದೆಯೇ, ಎರಡನ್ನೂ ಪಾಲಿಸಿಯಲ್ಲಿ ಓದಿ ನೋಡಿ.

ನೋಯುವ ಮಂಡಿ ಇಟ್ಟುಕೊಂಡು ಹೋಗಬೇಕೋ ಬೇಡವೋ ಅನ್ನುವುದನ್ನು ಮಲ್ಲಳ್ಳಿಯಲ್ಲಿ ತೀರ್ಮಾನಿಸಿ. ತಡಿಯಂಡಮೋಳ್ ಹತ್ತಿ ಅಭ್ಯಾಸ ಮಾಡುವುದಕ್ಕಿಂತ ಮಲ್ಲಳ್ಳಿ ಜಲಪಾತದ ಮೆಟ್ಟಿಲು ಮೇಲು, ಏಕೆಂದರೆ ಅಲ್ಲಿ ಮೊದಲು ಇಳಿದು ಆಮೇಲೆ ಹತ್ತಬೇಕು. ಜನವರಿಯಿಂದ ಶುರು ಮಾಡಿ. ಮೊದಮೊದಲು ಬರಿಗೈ, ಆಮೇಲೆ ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿ ಭಾರ ಏರಿಸುತ್ತ, ಎರಡು ಕೋಲು ಹಿಡಿದು ಇಳಿದು ಹತ್ತಿ. ಮಾರ್ಚ್ ಹೊತ್ತಿಗೆ ಒಂದೇ ಬೆಳಿಗ್ಗೆ ನಾಲ್ಕೈದು ಸಲ ಇಳಿದು ಹತ್ತಿದ ಮರುದಿನವೂ ಮಂಡಿ ಊದಿಕೊಳ್ಳದಿದ್ದರೆ ಹೋಗಿ. ಊದಿಕೊಂಡರೆ ಪೊನ್ನಂಪೇಟೆ ಅಕ್ಕನ ಮಾತೇ ಸರಿ, ಅಂಚಿನ ಮೇಲೂ ಕ್ಯಾಂಪ್ ಇದೆ, ಮೊಮ್ಮಗನ ಜತೆ ಟೆಂಟ್ ಅಲ್ಲೂ ಹಾಕಬಹುದು.

ಗೋಣಿಕೊಪ್ಪ ಕ್ಲಿನಿಕ್:

ಮಂಡಿಗೆ ಇದು ಸರಿಯಾದ ಪರೀಕ್ಷೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟು ಇಳಿಜಾರಿನ ನೋವು ತಗ್ಗುತ್ತದೆ. ಊದಿದ ಮೇಲೂ ಪಟ್ಟಿ ಕಟ್ಟಿ ಮುಂದುವರಿಸುವುದು ಬೇಡ.

ಭಾಗಮಂಡಲ ಓಟಗಾರ:

ಚಾರಣಿಗ ಅಣ್ಣ, ಎಲ್ಲ ಓದಿದ ಮೇಲೆ ನನ್ನ ಮಾತು ಆ ಕುಟುಂಬಕ್ಕೆ ಹೊಂದುವುದಿಲ್ಲ ಅನ್ನಿಸಿತು. ನಾವು ಕೆಲವು ಹುಡುಗರು ಚಳಿಗಾಲದಲ್ಲಿ ಗಂಡಿಕೋಟಕ್ಕೆ ಹೋಗುತ್ತಿದ್ದೇವೆ, ಆಂಧ್ರದ ಕಡಪ ಜಿಲ್ಲೆ, ಪೆನ್ನಾರ್ ನದಿ ಕೊರೆದ ಕೆಂಪು ಕಂದರ. ಒಣ ಬಿಸಿಲು ಹೇಗಿರುತ್ತದೆ ಅಂತ ಅಲ್ಲಿ ಸ್ವಲ್ಪವಾದರೂ ತಿಳಿಯುತ್ತದೆ. ನಾಪೋಕ್ಲು ಅಕ್ಕನ ಮನೆಯವರಿಗೂ ಬೆಂಗಳೂರಿನಿಂದ ಕಾರಿನಲ್ಲಿ ಹೋಗಬಹುದಾದ ಜಾಗ.

ನಾಪೋಕ್ಲು ತೋಟದಮನೆ:

ನಿನ್ನೆ ರಾತ್ರಿ ಮಗಳ ಜತೆ ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಎರಡು ರಾತ್ರಿ, ಹವಸುಪೈ ಗಾರ್ಡನ್ಸ್, ಏಪ್ರಿಲ್ ಮೂರನೇ ವಾರ ಅಂತ ಅರ್ಜಿ ಹಾಕುತ್ತಾರೆ. ಯಜಮಾನರು ಡಾಕ್ಟರ ಹತ್ತಿರ ಹೋಗಿ ಬರಲು ಒಪ್ಪಿದ್ದಾರೆ. ಮಲ್ಲಳ್ಳಿಗೆ ಹೊಸ ವರ್ಷ ಕಳೆದ ಭಾನುವಾರ. ಅಷ್ಟರಲ್ಲಿ ಎರಡು ಪ್ರಶ್ನೆ: ನಮ್ಮ ಹತ್ತಿರ ಇರುವ ಸಣ್ಣ ಗ್ಯಾಸ್ ಒಲೆ ವಿಮಾನದಲ್ಲಿ ಒಯ್ಯಬಹುದೇ? ಹುಡುಗನಿಗೆ ಎಷ್ಟು ಭಾರ ಹೊರಿಸಬಹುದು?

ಸೋಮವಾರಪೇಟೆ ಚಾರಣಿಗ:

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದೇ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಒಲೆಯ ತಲೆ ಮಾತ್ರ, ಚೆನ್ನಾಗಿ ತೊಳೆದು ಒಣಗಿಸಿ, ಗ್ಯಾಸಿನ ವಾಸನೆ ಇಲ್ಲದಿದ್ದರೆ ಆಗಬಹುದು, ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿ. ಅಲ್ಲಿನ ಡಬ್ಬಿಯ ತಿರುಪು ನಿಮ್ಮ ಒಲೆಗೆ ಕೂರದೆ ಇರಬಹುದು, ಹಾಗಾಗಿ ಒಲೆ, ಡಬ್ಬಿ ಎರಡನ್ನೂ ಅಳಿಯ ಅಲ್ಲೇ ಕೊಳ್ಳುವುದು ಒಳ್ಳೆಯದು.

ಹುಡುಗನ ಬೆನ್ನಿಗೆ ಅವನ ತೂಕದ ಹತ್ತನೇ ಒಂದು ಭಾಗ ಸಾಕು. ಅವನ ನೀರು, ಅವನ ತಿಂಡಿ, ಒಂದು ಬೆಚ್ಚನೆ ಅಂಗಿ, ಕುತ್ತಿಗೆಗೆ ಒಂದು ಸೀಟಿ. ಆಕಾಶದಲ್ಲಿ ರೆಕ್ಕೆಗೆ ನಂಬರ್ ಚೀಟಿ ಕಟ್ಟಿದ ದೊಡ್ಡ ಕಪ್ಪು ಹದ್ದಿನಂಥ ಹಕ್ಕಿ ಕಂಡರೆ ಆ ನಂಬರ್ ಬರೆದಿಟ್ಟುಕೊಳ್ಳಲು ಹೇಳಿ. ಅದು ಕ್ಯಾಲಿಫೋರ್ನಿಯಾ ಕಾಂಡರ್. 1982ರಲ್ಲಿ ಇಡೀ ಲೋಕದಲ್ಲಿ 22 ಉಳಿದಿದ್ದವು, ಸಾಕಿ ಸಂಖ್ಯೆ ಹೆಚ್ಚಿಸಿ 1996ರಿಂದ ಅರಿಝೋನಾದಲ್ಲಿ ಬಿಡುತ್ತ ಬಂದಿದ್ದಾರೆ. ಪಾರ್ಕಿನ ರೇಂಜರ್‌ಗೆ ಆ ನಂಬರ್ ಕೊಟ್ಟು ಆ ಹಕ್ಕಿಯ ಬಗ್ಗೆ ಕೇಳಲಿ. ಪರ್ಮಿಟ್ ಬಂದ ಮೇಲೆ ಇಲ್ಲಿ ಹಾಕಿ, ಯಾವ ದಿನ ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು ಅಂತ ಕೂತು ಬರೆದುಕೊಡುತ್ತೇನೆ.